ಹಿರಿಯರ ವಾದ್ಯಗಳು: ಉಳಿಸುವುದೇ, ಮಾರುವುದೇ?

ಇಂದು ನಾನು ಎತ್ತಿಕೊಂಡಿರುವ ವಿಷಯ ಮೇಲುನೋಟಕ್ಕೆ ಸಂಸಾರದ ಒಂದು ಸಣ್ಣ ತೊಡಕು. ಮನೆ ಪಾಲಾಗುವಾಗಲೋ, ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವಾಗಲೋ, ಹಿರಿಯರು ಬಿಟ್ಟುಹೋದ ವೀಣೆ, ತಂಬೂರಿ, ಮೃದಂಗ, ಹಾರ್ಮೋನಿಯಂಗಳನ್ನು ಏನು ಮಾಡಬೇಕು? ಇಟ್ಟುಕೊಳ್ಳಬೇಕೆ, ಮಾರಬೇಕೆ, ಯಾರಿಗಾದರೂ ಕೊಟ್ಟುಬಿಡಬೇಕೆ? ಒಡವೆಯನ್ನಾದರೆ ತೂಗಿ ಹಂಚಬಹುದು. ಪಾತ್ರೆಗಳನ್ನು ಎಣಿಸಿ ಹಂಚಬಹುದು. ನಿವೇಶನವನ್ನು ಅಳೆದು ಹಂಚಬಹುದು. ವೀಣೆಯನ್ನು ತೂಗುವ ತಕ್ಕಡಿ ಯಾವುದು?

ಈ ಪ್ರಶ್ನೆ ಬೇರೆ ಊರುಗಳಿಗಿಂತ ಮೈಸೂರಿಗೆ ಹೆಚ್ಚು ಸಲ್ಲುತ್ತದೆ. ವೀಣೆ ಶೇಷಣ್ಣನವರು (1852–1926), ವೀಣೆ ಸುಬ್ಬಣ್ಣನವರು, ಅವರ ತರುವಾಯ ವೆಂಕಟಗಿರಿಯಪ್ಪನವರು, ಅವರ ಶಿಷ್ಯರಾದ ದೊರೆಸ್ವಾಮಿ ಅಯ್ಯಂಗಾರ್ಯರು (1920–1997) — ಹೀಗೆ ಒಂದು ಶತಮಾನಕ್ಕೂ ಮೀರಿ ಈ ಊರಿನ ಹೆಸರೂ ವೀಣೆಯ ಹೆಸರೂ ಜೊತೆಜೊತೆಯಾಗಿ ಕೇಳಿಬಂದಿವೆ. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲು, ಕೊಳಲು, ಮೃದಂಗ, ಪಿಯಾನೊ, ಸ್ಯಾಕ್ಸೊಫೋನು ಮೊದಲಾಗಿ ಎಂಟು ವಾದ್ಯಗಳನ್ನು ಬಲ್ಲವರಾಗಿದ್ದರೆಂದು ಪ್ರತೀತಿ. ದೊರೆ ನುಡಿಸಿದ್ದನ್ನು ಪ್ರಜೆ ಕಲಿಯುವುದು ಸಹಜವಷ್ಟೆ. ಅಗ್ರಹಾರದ, ಲಕ್ಷ್ಮೀಪುರದ, ಕೃಷ್ಣಮೂರ್ತಿಪುರದ ಅನೇಕ ಮನೆಗಳಲ್ಲಿ ವೀಣೆ ನಡುಮನೆಯ ಒಂದು ಭಾಗವೇ ಆಗಿತ್ತು. ಆ ಮನೆಗಳು ಇಂದು ಒಂದೊಂದಾಗಿ ಉರುಳುತ್ತಿವೆ. ಉರುಳುವ ಮುನ್ನ ಅಟ್ಟದಿಂದ ಕೆಳಗಿಳಿಯುವ ಸಾಮಾನುಗಳ ನಡುವೆ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಉದ್ದನೆಯ ಗಂಟು ಇದ್ದೇ ಇರುತ್ತದೆ.

ಶೇಷಣ್ಣನವರ ವಿಷಯದಲ್ಲಿ ಒಂದು ಕಥೆ ಪ್ರಸಿದ್ಧವಾಗಿದೆ. ಬರೋಡೆಯ ಮಹಾರಾಜರು ಅವರ ವಾದನಕ್ಕೆ ಮೆಚ್ಚಿ ಪಲ್ಲಕ್ಕಿಯ ಮೆರವಣಿಗೆಯ ಗೌರವವನ್ನು ಸಲ್ಲಿಸಲು ಹೊರಟರಂತೆ. ಶೇಷಣ್ಣನವರು ಪಲ್ಲಕ್ಕಿಯಲ್ಲಿ ತಮ್ಮ ವೀಣೆಯನ್ನಿರಿಸಿ, ತಾವು ಅದರ ಪಕ್ಕದಲ್ಲಿ ನಡೆದು ಬಂದರಂತೆ. ಈ ಕಥೆಯನ್ನು ನಾವೆಲ್ಲ ಅಭಿಮಾನದಿಂದ ಹೇಳುತ್ತೇವೆ. ಆದರೆ ಅದರ ಮುಂದಿನ ಭಾಗವನ್ನು, ಯಾರೂ ಹೇಳದಿದ್ದರೂ, ಊಹಿಸಿಕೊಳ್ಳಬಹುದು: ಆ ವೀಣೆ ಪಲ್ಲಕ್ಕಿಯಿಂದ ಇಳಿದು ಮತ್ತೆ ಶೇಷಣ್ಣನವರ ತೊಡೆಯನ್ನೇರಿತು. ನಮ್ಮ ಮನೆಗಳಲ್ಲಿ ಅನೇಕ ವೀಣೆಗಳು ಪಲ್ಲಕ್ಕಿಯಿಂದ ಇಳಿಯುವುದೇ ಇಲ್ಲ. ಗಾಜಿನ ಕಪಾಟಿನಲ್ಲಿಯೋ ಅಟ್ಟದಲ್ಲಿಯೋ ಪೂಜ್ಯವಾಗಿಯೇ ಮೂಕವಾಗುತ್ತವೆ.

ವಾದ್ಯಗಳು ಕೈ ಬದಲಾಯಿಸುವುದು ಈ ಊರಿಗೆ ಹೊಸದೂ ಅಲ್ಲ, ಅವಮಾನವೂ ಅಲ್ಲ. ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದವೂ ಪಾಶ್ಚಾತ್ಯ ವಾದ್ಯವೃಂದವೂ ಇದ್ದುವು. ಜರ್ಮನಿಯ ಆಟೊ ಶ್ಮಿಟ್ ಎಂಬ ವಿದ್ವಾಂಸರು ಪಾಶ್ಚಾತ್ಯ ವೃಂದವನ್ನು ನಡೆಸುತ್ತಿದ್ದರು. ರಾಜ್ಯಾಡಳಿತ ಮುಗಿದ ಮೇಲೆ ಆ ಪರಂಪರೆ ಪೊಲೀಸ್ ವಾದ್ಯವೃಂದದಲ್ಲಿ ಮುಂದುವರಿಯಿತು. ಇಂದಿಗೂ ದಸರೆಯಲ್ಲಿ ಆ ವೃಂದದ ನಾದವನ್ನು ನಾವು ಕೇಳುತ್ತೇವೆ. ಒಡೆತನ ಬದಲಾಯಿತು, ನುಡಿಸುವವರ ಸಮವಸ್ತ್ರ ಬದಲಾಯಿತು, ನುಡಿಸುವುದು ಮಾತ್ರ ನಿಲ್ಲಲಿಲ್ಲ. ಅರಮನೆಗೆ ಸಲ್ಲುವ ನ್ಯಾಯ ಮನೆಗೂ ಸಲ್ಲಬೇಕು.

ಮಾತು ಸ್ಪಷ್ಟವಾಗಲೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಕೃಷ್ಣಮೂರ್ತಿಪುರದ ಒಂದು ಹೆಂಚಿನ ಮನೆ. ತಾಯಿ ವೀಣೆ ನುಡಿಸುತ್ತಿದ್ದರು. ತಂದೆಗೆ ಮೃದಂಗದ ಅಭ್ಯಾಸವಿತ್ತು. ಚಿಕ್ಕಪ್ಪ ನಾಟಕದ ಕಂಪನಿಯೊಂದರಲ್ಲಿ ಹಾರ್ಮೋನಿಯಂ ನುಡಿಸಿದವರು. ಮೂವರೂ ಈಗಿಲ್ಲ. ಹಿರಿಯ ಮಗ ಮೈಸೂರಿನಲ್ಲಿಯೇ ನಿವೃತ್ತ, ಎರಡನೆಯವನು ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ. ಮನೆಯನ್ನು ತಿಂಗಳೊಪ್ಪತ್ತಿನಲ್ಲಿ ಬಿಟ್ಟುಕೊಡಬೇಕು. ನಡುಮನೆಯ ಚಾಪೆಯ ಮೇಲೆ ಒಂದು ವೀಣೆ, ಒಂದು ತಂಬೂರಿ, ಒಂದು ಪಿಟೀಲು, ಒಂದು ಮೃದಂಗ, ಒಂದು ಹಾರ್ಮೋನಿಯಂ, ಒಂದು ಸ್ಪೂಲು ಟೇಪ್ ರೆಕಾರ್ಡರ್. ಮೂವರಲ್ಲಿ ನುಡಿಸಬಲ್ಲವರು ಒಬ್ಬರೂ ಇಲ್ಲ. ಹಿರಿಯ ಮಗನ ಮೊಮ್ಮಗಳು ಮಾತ್ರ ಹಾಡು ಕಲಿಯುತ್ತಿದ್ದಾಳೆ. “ಅಮ್ಮನ ವೀಣೆಯನ್ನು ಮಾರುವ ಮಾತೆತ್ತಬೇಡಿ, ಅಣ್ಣಾ” ಎಂದು ಮಗಳು ದೂರದಿಂದಲೇ ಹೇಳಿದ್ದಾಳೆ. ಆದರೆ ಇಡುವುದೆಲ್ಲಿ ಎಂಬ ಪ್ರಶ್ನೆಗೆ ಅವಳಲ್ಲಿಯೂ ಉತ್ತರವಿಲ್ಲ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಎರಡು ಅಳತೆಗೋಲುಗಳು ಹೊರಬರುತ್ತವೆ. ಒಂದು ನೆನಪು, ಇನ್ನೊಂದು ಬೆಲೆ. ನೆನಪಿನ ಅಳತೆಯಲ್ಲಿ ಯಾವುದನ್ನೂ ಕೊಡಲಾಗುವುದಿಲ್ಲ. ಬೆಲೆಯ ಅಳತೆಯಲ್ಲಿ ಯಾವುದನ್ನೂ ಇಟ್ಟುಕೊಳ್ಳಬೇಕಾಗಿಲ್ಲ. ಎರಡನ್ನೂ ಸ್ವಲ್ಪ ಬದಿಗಿರಿಸಿ, ಪ್ರತಿಯೊಂದು ವಾದ್ಯದ ಮುಂದೆ ಎರಡು ಪ್ರಶ್ನೆಗಳನ್ನು ಕೇಳುವುದು ಮೇಲು. ಇದು ಮತ್ತೆ ನುಡಿಯಬಲ್ಲುದೆ? ಇದನ್ನು ನುಡಿಸುವ ಕೈ ಎಲ್ಲಿದೆ? ಈ ಎರಡಕ್ಕೆ ಉತ್ತರ ದೊರೆತರೆ ಇಡುವುದೋ ಮಾರುವುದೋ ಎಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ.

ವೀಣೆಯಿಂದಲೇ ಆರಂಭಿಸೋಣ. ತಂಜಾವೂರಿನ ವೀಣೆಗೆ ಹಲಸಿನ ಮರ. ಮೈಸೂರಿನ ವೀಣೆಗೆ ಹೆಚ್ಚಾಗಿ ಬೀಟೆ. ಇದರಲ್ಲಿ ಕೊಡ ಮತ್ತು ದಂಡಿ ವಾದ್ಯದ ದೇಹ. ಉಳಿದವೆಲ್ಲ ಆಗಾಗ ಬದಲಾಗಬೇಕಾದ ಉಡುಗೆ. ಏಳು ತಂತಿಗಳು — ನುಡಿಸುವುದಕ್ಕೆ ನಾಲ್ಕು, ತಾಳಕ್ಕೆ ಮೂರು — ತುಕ್ಕು ಹಿಡಿದಿದ್ದರೆ ಚಿಂತೆಯಿಲ್ಲ, ಹೊಸದಾಗಿ ಹಾಕಿಸಬಹುದು. ಬಿರಡೆ ಜಾರುತ್ತಿದ್ದರೆ ಸರಿಪಡಿಸಬಹುದು. ಸೋರೆ ಬುರುಡೆ ಒಡೆದಿದ್ದರೆ ಇನ್ನೊಂದು ಸಿಕ್ಕೀತು. ಇಪ್ಪತ್ತನಾಲ್ಕು ಮೆಟ್ಟುಗಳು ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿದ ಕಪ್ಪು ಮೇಣದ ಮೇಲೆ ನಿಂತಿರುತ್ತವೆ. ಈ ಮೇಣ ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ, ಇಲ್ಲವೆ ಸೆಖೆಗೆ ಸಡಿಲವಾಗಿ ಮೆಟ್ಟುಗಳು ಕದಲುತ್ತವೆ. ಆಗ ವೀಣೆ ಅಪಸ್ವರ ನುಡಿಯುತ್ತದೆ, ಮನೆಯವರು ‘ವೀಣೆ ಕೆಟ್ಟಿತು’ ಎಂದುಕೊಳ್ಳುತ್ತಾರೆ. ಅದು ಕೆಟ್ಟಿಲ್ಲ, ಅದಕ್ಕೆ ಮತ್ತೆ ಮೇಳ ಕಟ್ಟಿಸಬೇಕಾಗಿದೆ, ಅಷ್ಟೆ. ಕುಶಲಿಯಾದ ಕೆಲಸಗಾರನು ಮೇಣವನ್ನು ತೆಗೆದು, ಹೊಸ ಮೇಣ ಹಾಕಿ, ಒಂದೊಂದು ಮೆಟ್ಟನ್ನೂ ಕಿವಿಯ ಸಾಕ್ಷಿಯಿಂದ ಅದರ ಸ್ಥಾನದಲ್ಲಿ ನಿಲ್ಲಿಸುತ್ತಾನೆ. ಆದರೆ ದಂಡಿಯೇ ಬಾಗಿದ್ದರೆ, ಕೊಡದಲ್ಲಿ ಆಳವಾದ ಸೀಳು ಬಿಟ್ಟಿದ್ದರೆ, ಅದು ದೇಹದ ರೋಗ. ಆಗಲೂ ಬಲ್ಲವರಿಗೆ ತೋರಿಸದೆ ತೀರ್ಪು ಕೊಡಬಾರದು. ಹಳೆಯ ವಸ್ತುಗಳ ವ್ಯಾಪಾರಿ ಹೇಳುವುದು ಅಲಂಕಾರದ ಬೆಲೆ. ಅದು ಯಾರದೋ ಹೋಟೆಲಿನ ಗೋಡೆಗೆ ಸಲ್ಲುವ ಬೆಲೆ. ವೀಣೆಯ ಬೆಲೆಯನ್ನು ಹೇಳಬೇಕಾದವನು ವೀಣೆ ಮಾಡುವವನು ಅಥವಾ ನುಡಿಸುವವನು.

ಇಲ್ಲಿ ಮಗಳ ಮಾತಿಗೆ ಬರೋಣ. ತಾಯಿಯ ವೀಣೆಯ ಮೆಟ್ಟುಗಳನ್ನು ಹತ್ತಿರದಿಂದ ನೋಡಿದರೆ, ಸಾರಣಿ ತಂತಿಯ ಕೆಳಗೆ ಸಣ್ಣ ಸಣ್ಣ ತಗ್ಗುಗಳು ಕಾಣುತ್ತವೆ. ಮೂವತ್ತು ನಲವತ್ತು ವರ್ಷ ಒಂದೇ ಕೈ ಒತ್ತಿ ಎಳೆದು ಮೂಡಿಸಿದ ಸವಕಳಿ ಅದು. ಆಕೆಗೆ ಯಾವ ಸ್ವರಗಳ ಮೇಲೆ ಹೆಚ್ಚು ಪ್ರೀತಿಯಿತ್ತೆಂಬುದು ಅಲ್ಲಿ ಬರೆದಿಟ್ಟ ಹಾಗಿರುತ್ತದೆ. ಮಗಳು ಉಳಿಸಿಕೊಳ್ಳಬೇಕೆಂದು ಬಯಸುವುದು ನಿಜವಾಗಿ ಇದನ್ನು. ಆದರೆ ವೀಣೆ ಮತ್ತೆ ಶುದ್ಧವಾಗಿ ನುಡಿಯಬೇಕಾದರೆ ತೀರ ಸವೆದ ಮೆಟ್ಟುಗಳನ್ನು ಬದಲಾಯಿಸಲೇಬೇಕು. ನೆನಪಿಗೂ ನಾದಕ್ಕೂ ಇಲ್ಲಿ ಸಣ್ಣದೊಂದು ವ್ಯಾಜ್ಯವಿದೆ; ಅದನ್ನು ತೀರಿಸುವ ಉಪಾಯವೂ ಇಲ್ಲಿಯೇ ಇದೆ. ಹೊಸ ಮೇಳ ಕಟ್ಟಿಸುವಾಗ ತೆಗೆದ ಹಳೆಯ ಮೆಟ್ಟುಗಳನ್ನು ಕೇಳಿ ಪಡೆದು ಮಗಳಿಗೆ ಕಳುಹಿಸಿಕೊಡಬಹುದು. ಒಂದು ಪುಟ್ಟ ಪೆಟ್ಟಿಗೆಯಲ್ಲಿ ತಾಯಿಯ ಬೆರಳು ಅವಳೊಡನೆ ಉಳಿಯುತ್ತದೆ. ವೀಣೆ ಇನ್ನೊಬ್ಬರ ಬೆರಳಿಗೆ ಸಿದ್ಧವಾಗುತ್ತದೆ.

ವೀಣೆಯನ್ನೇ ಅಮೆರಿಕಕ್ಕೆ ಒಯ್ಯಬಾರದೆ ಎಂದು ಕೇಳಬಹುದು. ಒಯ್ಯಬಹುದು; ಆದರೆ ಅಲ್ಲಿಯ ಚಳಿಗಾಲದಲ್ಲಿ ಕಾಯಿಸಿದ ಮನೆಯ ಒಣಗಾಳಿಗೆ ಮರ ಬಿರುಕು ಬಿಡುವ ಭಯವಿದೆ, ಮೇಳ ಕಟ್ಟುವವರು ಹತ್ತಿರದಲ್ಲಿ ಸಿಕ್ಕುವುದು ಅಪರೂಪ. ಇದರ ಜೊತೆಗೆ ಕಾನೂನಿನ ಮಾತೂ ಉಂಟು. ಬೀಟೆಮರದ ಜಾತಿಗಳನ್ನೆಲ್ಲ 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಲಾಯಿತು. 2019ರಲ್ಲಿ ಸಿದ್ಧ ಸಂಗೀತವಾದ್ಯಗಳಿಗೆ ಅದರಿಂದ ವಿನಾಯಿತಿ ದೊರೆಯಿತು. ಆದ್ದರಿಂದ ಬೀಟೆಯ ತೊಂದರೆ ಕಡಿಮೆಯಾಗಿದೆ. ದಂತದ ಸಂಗತಿ ಹಾಗಲ್ಲ. ಹಳೆಯ ಮೈಸೂರು ವೀಣೆಗಳ ಅಂಚಿನಲ್ಲಿ, ಯಾಳಿಯ ಮುಖದಲ್ಲಿ, ಬಿರಡೆಯ ತುದಿಯಲ್ಲಿ ದಂತದ ಕೆತ್ತನೆ ಇರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ಆದ ತಿದ್ದುಪಡಿಯಿಂದ ನಮ್ಮ ದೇಶದ ಆನೆಯ ದಂತದ ವ್ಯಾಪಾರ ನಿಷಿದ್ಧವಾಯಿತು. 1991ರಲ್ಲಿ ಹೊರದೇಶದ ದಂತಕ್ಕೂ ಅದೇ ನಿಯಮ ಬಂತು. ಜಿಂಕೆಯ ಕೊಂಬಿನ ವ್ಯಾಪಾರಕ್ಕೂ ಅನುಮತಿಯಿಲ್ಲ. ಇಂಥ ವಸ್ತುವನ್ನು ಉತ್ತರಾಧಿಕಾರವಾಗಿ ಪಡೆಯಬಹುದೇ ಹೊರತು ಹಣಕ್ಕೆ ಕೈ ಬದಲಾಯಿಸುವಂತಿಲ್ಲ. ಬಿಳಿಯದೆಲ್ಲ ದಂತವಲ್ಲ ಎಂಬುದೂ ನಿಜ. ಅನೇಕ ವೀಣೆಗಳಲ್ಲಿ ಇರುವುದು ಮೂಳೆ ಅಥವಾ ಪ್ಲಾಸ್ಟಿಕ್. ಯಾವುದೆಂದು ಬಲ್ಲವರಿಂದ ತಿಳಿದುಕೊಂಡು, ದಂತವೆಂದು ಕಂಡುಬಂದರೆ ಅರಣ್ಯ ಇಲಾಖೆಯನ್ನು ವಿಚಾರಿಸಿಯೇ ಮುಂದುವರಿಯುವುದು ಕ್ಷೇಮ. ನೂರು ವರ್ಷ ಮೀರಿದ ಕಲಾವಸ್ತುಗಳನ್ನು ದೇಶದ ಹೊರಕ್ಕೆ ಸಾಗಿಸುವುದನ್ನು 1972ರ ಇನ್ನೊಂದು ಕಾಯಿದೆ ತಡೆಯುತ್ತದೆ ಎಂಬುದನ್ನೂ ಮರೆಯಬಾರದು.

ಪಿಟೀಲಿನ ಕಥೆ ಸ್ವಲ್ಪ ತಮಾಷೆಯದು. ಪೆಟ್ಟಿಗೆ ತೆರೆದು ಪಿಟೀಲಿನ ರಂಧ್ರದೊಳಗೆ ಇಣುಕಿದ ಎರಡನೆಯ ಮಗ, ಒಳಗಿನ ಹಳದಿ ಚೀಟಿಯಲ್ಲಿ ‘ಸ್ಟ್ರಾಡಿವೇರಿಯಸ್’ ಎಂಬ ಹೆಸರನ್ನು ಓದಿ ಬೆವರುತ್ತಾನೆ. ಕ್ರೆಮೊನಾ ನಗರದ ಆಂಟೋನಿಯೊ ಸ್ಟ್ರಾಡಿವರಿ 1737ರಲ್ಲಿ ತೀರಿಕೊಂಡ ಮಹಾಶಿಲ್ಪಿ. ಅವನ ಪಿಟೀಲುಗಳಿಗೆ ಕೋಟಿಗಟ್ಟಲೆ ಬೆಲೆ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಜರ್ಮನಿ, ಬೊಹೀಮಿಯ, ಫ್ರಾನ್ಸುಗಳ ಕಾರ್ಖಾನೆಗಳು ಲಕ್ಷಾಂತರ ಪಿಟೀಲುಗಳನ್ನು ಮಾಡಿ ಅವುಗಳಲ್ಲಿ ಈ ಚೀಟಿಯನ್ನು ಅಂಟಿಸಿದುವು. ಚೀಟಿ ಹೇಳುವುದು ಮಾದರಿಯನ್ನು, ಮಾಡಿದವನನ್ನಲ್ಲ. ಹಾಗೆಂದು ಅಂಥ ಪಿಟೀಲನ್ನು ತಾತ್ಸಾರ ಮಾಡಬೇಕಾಗಿಲ್ಲ. ಅವುಗಳಲ್ಲಿ ಒಳ್ಳೆಯ ನಾದದವೂ ಇವೆ. ನಮ್ಮ ತಿರುಮಕೂಡಲು ಚೌಡಯ್ಯನವರು (1895–1967) ದೊಡ್ಡ ಸಭೆಗಳಲ್ಲಿ ನಾದ ಹಿಂದಿನ ಸಾಲಿಗೂ ಮುಟ್ಟಬೇಕೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರನ್ನು ಸೇರಿಸಿದರು. ವಾದ್ಯದ ಪೂಜ್ಯತೆಗಿಂತ ಅದರ ಕೆಲಸವನ್ನು ಅವರು ಮುಖ್ಯವೆಂದೆಣಿಸಿದರು. ಪಿಟೀಲು ಕಲಿಯುವ ಹುಡುಗರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಅದಕ್ಕೆ ಹೊಸ ತಂತಿ ಹಾಕಿಸಿ, ಕಮಾನಿಗೆ ಕೂದಲು ಕಟ್ಟಿಸಿ, ಯುಕ್ತವಾದ ಬೆಲೆಗೆ ಮಾರಬೇಕು. ಮಕ್ಕಳಿಗಾಗಿ ಕೊಂಡ ಸಣ್ಣ ಅಳತೆಯ ಪಿಟೀಲುಗಳನ್ನಂತೂ ಮಗು ಬೆಳೆದ ವರ್ಷವೇ ಇನ್ನೊಂದು ಮಗುವಿಗೆ ದಾಟಿಸಿಬಿಡಬೇಕು.

ಮೃದಂಗದಲ್ಲಿ ಹಲಸಿನ ಮರದ ಒಡಲು ಬಹುಕಾಲ ಬಾಳುತ್ತದೆ. ಮುಚ್ಚಿಗೆಯ ಚರ್ಮ, ಬಲಗಡೆಯ ಕರಣೆ, ಬಿಗಿದ ವಾರ ಇವು ಬಾಳುವುದಿಲ್ಲ. ಹತ್ತು ವರ್ಷ ಮೂಲೆಯಲ್ಲಿದ್ದ ಮೃದಂಗಕ್ಕೆ ನೆನಪು ಉಳಿದೀತೇ ಹೊರತು ಧ್ವನಿ ಉಳಿದಿರುವುದಿಲ್ಲ. ಎಡಗಡೆ ರವೆ ಹಚ್ಚಿ ಒರೆಸದೆ ಬಿಟ್ಟಿದ್ದರೆ ಹುಳುಗಳು ಬಂದು ಹೋಗಿರುತ್ತವೆ. ಒಡಲು ಗಟ್ಟಿಯಾಗಿದ್ದರೆ ಸಾಕು, ಮುಚ್ಚಿಗೆ ಹಾಕುವವನ ಕೈಯಲ್ಲಿ ಅದಕ್ಕೆ ಪುನರ್ಜನ್ಮ. ಆದರೆ ಈ ಜನ್ಮವನ್ನು ಮತ್ತೆ ಮತ್ತೆ ಕೊಡಿಸುತ್ತಿರಬೇಕು. ಆದಕಾರಣ ದಿನವೂ ನುಡಿಸುವವರಿಲ್ಲದ ಮನೆಯಲ್ಲಿ ಮೃದಂಗವನ್ನಿಡುವುದು ಹಾಲು ಕರೆಯುವವರಿಲ್ಲದ ಮನೆಯಲ್ಲಿ ಹಸುವನ್ನು ಕಟ್ಟಿದ ಹಾಗೆ.

ಹಾರ್ಮೋನಿಯಂ ಕಥೆ ಆಕಾಶವಾಣಿಗೂ ಸಂಬಂಧಪಟ್ಟದ್ದು. ಗಮಕಗಳಿಗೆ ಒಗ್ಗದ, ಗಟ್ಟಿಯಾಗಿ ನಿಂತ ಸ್ವರಗಳ ವಿದೇಶೀ ವಾದ್ಯವೆಂದು 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ತನ್ನ ಕೇಂದ್ರಗಳಿಂದ ಹೊರಗಿಟ್ಟಿತು. 1971ರಲ್ಲಿ ಆ ನಿರ್ಬಂಧ ಸ್ವಲ್ಪಮಟ್ಟಿಗೆ ಸಡಿಲಾಯಿತು. ಈ ಮೂವತ್ತು ವರ್ಷಗಳಲ್ಲಿ ಹಾರ್ಮೋನಿಯಂ ನಾಟಕದಲ್ಲಿ, ಭಜನೆಯಲ್ಲಿ, ಹರಿಕಥೆಯಲ್ಲಿ ತನ್ನ ಪಾಡಿಗೆ ತಾನು ಬದುಕಿತು. ಕಾಲದ ಅಭಿರುಚಿಯನ್ನು ನಂಬಿ ವಾದ್ಯವನ್ನು ತಳ್ಳಿಹಾಕಬಾರದೆಂಬುದಕ್ಕೆ ಇದೊಂದು ನಿದರ್ಶನ. ಚಿಕ್ಕಪ್ಪನ ಪೆಟ್ಟಿಗೆಯ ಮರ ಹಳೆಯದಾಗಿರಬಹುದು, ತಿದಿ ಹರಿದಿರಬಹುದು. ಒಳಗಿನ ರೀಡುಗಳು ಪ್ಯಾರಿಸಿನವೋ ಜರ್ಮನಿಯವೋ ಆಗಿದ್ದರೆ ಬಲ್ಲವರು ಅದನ್ನು ಹುಡುಕಿಕೊಂಡು ಬರುತ್ತಾರೆ. ಗುಜರಿಯವನಿಗೆ ಹಾಕುವ ಮುನ್ನ ಮುಚ್ಚಳ ತೆಗೆಸಿ ನೋಡಬೇಕು.

ತಂಬೂರಿಗೆ ಮಾರುಕಟ್ಟೆಯಲ್ಲಿ ಈಗ ಬೆಲೆ ಕಡಿಮೆ. ಬೆಂಗಳೂರಿನಲ್ಲಿ 1979ರಲ್ಲಿ ಆರಂಭವಾದ ರಾಡೆಲ್ ಸಂಸ್ಥೆಯ ವಿದ್ಯುನ್ಮಾನ ತಂಬೂರಿ ಕಛೇರಿಗಳಿಗೆ ಬಂದ ಮೇಲೆ, ಈಗ ಅಂಗೈಯ ದೂರವಾಣಿಯೇ ಶ್ರುತಿ ನುಡಿಯತೊಡಗಿದ ಮೇಲೆ, ನಾಲ್ಕು ತಂತಿಯ ಈ ದೊಡ್ಡ ಸೋರೆ ಯಾರಿಗೂ ಬೇಡವಾಗಿದೆ. ಯಂತ್ರ ತಪ್ಪದೆ ಶ್ರುತಿ ಹಿಡಿಯುತ್ತದೆ. ಅದರ ಉಪಕಾರ ದೊಡ್ಡದು. ಆದರೆ ಅದು ಕಿವಿಯ ಕೆಲಸವನ್ನೂ ತಾನೇ ಮಾಡಿಬಿಡುತ್ತದೆ. ತಂಬೂರಿಯಲ್ಲಿ ಬಿರಡೆ ತಿರುಗಿಸಿ, ಮಣಿ ಸರಿಸಿ, ತಂತಿಯ ಕೆಳಗೆ ಜೀವಾಳದ ದಾರವನ್ನು ಕೂದಲೆಳೆಯಷ್ಟು ಅತ್ತಿತ್ತ ಮಾಡಿ ನಾದ ಅರಳುವ ಜಾಗವನ್ನು ಹುಡುಕುವವರ ಕಿವಿ ದಿನದಿನಕ್ಕೆ ಹರಿತವಾಗುತ್ತದೆ. ಯಂತ್ರವನ್ನು ಯಾವಾಗ ಬೇಕಾದರೂ ಕೊಳ್ಳಬಹುದು; ಒಳ್ಳೆಯ ಹಳೆಯ ತಂಬೂರಿಯನ್ನು ಹಾಗೆ ಕೊಳ್ಳಲಾಗದು. ನಮ್ಮ ಮನೆಯಲ್ಲಿ ಹಾಡು ಕಲಿಯುವ ಮೊಮ್ಮಗಳಿದ್ದಾಳೆಂದು ಹೇಳಿದೆನಲ್ಲವೆ? ಚಾಪೆಯ ಮೇಲಿರುವ ಅಷ್ಟು ವಸ್ತುಗಳಲ್ಲಿ ಅತ್ಯಂತ ಅಗ್ಗವಾದ ಇದೇ ಆ ಮನೆಯಲ್ಲಿ ಖಂಡಿತವಾಗಿ ಉಳಿಯಬೇಕಾದದ್ದು.

ಇನ್ನು ಯಂತ್ರಗಳು. ಟೇಪ್ ರೆಕಾರ್ಡರನ್ನು ಮಾರಲು ಅಡ್ಡಿಯಿಲ್ಲ, ಒಂದು ಷರತ್ತಿನ ಮೇಲೆ: ಅದರ ಜೊತೆಯ ಸ್ಪೂಲುಗಳಲ್ಲಿ ಏನಿದೆಯೆಂದು ಮೊದಲು ಕೇಳಬೇಕು. ತಾಯಿ ಒಂದು ಸಂಜೆ ನುಡಿಸಿದ ರಾಗ ಅಲ್ಲಿರಬಹುದು. ಟೇಪಿನ ಲೇಪ ಕಾಲಕ್ರಮದಲ್ಲಿ ಉದುರುತ್ತದೆ, ಅದನ್ನು ಓದುವ ಯಂತ್ರಗಳು ಅಪರೂಪವಾಗುತ್ತಿವೆ. ತಿಳಿದವರ ಕೈಯಲ್ಲಿ ಗಣಕಯಂತ್ರಕ್ಕೆ ದಾಟಿಸಿ, ಮೂವರೂ ಒಂದೊಂದು ಪ್ರತಿಯನ್ನಿಟ್ಟುಕೊಂಡ ಮೇಲೆ ಯಂತ್ರ ಹೋದರೂ ಸರಿಯೆ. ಜಯಚಾಮರಾಜ ಒಡೆಯರು ಲಂಡನ್ನಿನಲ್ಲಿ ಮುಪ್ಪು ಕಾಯಿಲೆಗಳಿಂದ ಬಳಲುತ್ತಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರಿಗೆ ಹಣವೊದಗಿಸಿ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸಿಕೊಳ್ಳುವಂತೆ ಮಾಡಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಅವರ ಕೈಯ ನಾದ ಇಂದಿಗೂ ಕೇಳಸಿಗುವುದಕ್ಕೆ ಮೈಸೂರಿನ ಆ ಔದಾರ್ಯ ಕಾರಣ. ಮನೆಮಂದಿಯ ನಾದಕ್ಕೂ ಅಷ್ಟು ಮುತುವರ್ಜಿಯನ್ನು ನಮ್ಮ ಶಕ್ತ್ಯನುಸಾರ ತೋರಿಸಬಹುದು.

ಕೊನೆಯದಾಗಿ, ಯಾರಿಗೆ? ವಸ್ತುಸಂಗ್ರಹಾಲಯಕ್ಕೆ ಕೊಟ್ಟರೆ ಗೌರವವೆಂದು ಅನೇಕರ ಭಾವನೆ. ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಸ್ಥಾಪಿಸಿದ ಜಾನಪದ ವಸ್ತುಸಂಗ್ರಹಾಲಯ, ಹಳ್ಳಿಗಳಲ್ಲಿ ನುಡಿಸುವವರೇ ಕಡಿಮೆಯಾಗುತ್ತಿದ್ದ ಹೊತ್ತಿನಲ್ಲಿ ಜನಪದ ವಾದ್ಯಗಳನ್ನೂ ಕೂಡಿಸಿಟ್ಟು ದೊಡ್ಡ ಉಪಕಾರ ಮಾಡಿತು. ಅಪೂರ್ವವಾದ, ಇನ್ನು ನುಡಿಯಲಾರದ ವಾದ್ಯಕ್ಕೆ ಅದು ತಕ್ಕ ಸ್ಥಾನ. ನುಡಿಯಬಲ್ಲ ವೀಣೆಗೆ ಮಾತ್ರ ಕಲಿಯುವವರ ಮನೆಯೇ ಸ್ಥಾನ. ಧರ್ಮಕ್ಕೆ ಕೊಡಬೇಕೆಂದೇನೂ ಇಲ್ಲ. ಪುಕ್ಕಟೆ ಬಂದದ್ದು ಬಹುಬೇಗ ಇನ್ನೊಂದು ಅಟ್ಟವನ್ನು ಸೇರುತ್ತದೆ. ಕಷ್ಟಪಟ್ಟು ಹಣ ಕೂಡಿಸಿ ಕೊಂಡದ್ದನ್ನು ವಿದ್ಯಾರ್ಥಿ ಬಿಡುವುದಿಲ್ಲ. ಕೊಳ್ಳುವವನ ಶಕ್ತಿ ನೋಡಿ ಬೆಲೆ ಹೇಳಬೇಕು, ಕಂತಿನಲ್ಲಿ ಕೊಡುವೆನೆಂದರೆ ಒಪ್ಪಬೇಕು, ಮಾರುವ ಮುನ್ನ ಒಂದು ಸಲ ಅವನಿಂದ ನುಡಿಸಿ ಕೇಳಬೇಕು. ಮಗಳು ಬಂದಿರುವ ದಿನ ಅದಾದರೆ ಇನ್ನೂ ಒಳ್ಳೆಯದು.

ನವರಾತ್ರಿಯಲ್ಲಿ ಸರಸ್ವತೀಪೂಜೆಗೆ ನಮ್ಮ ಮನೆಗಳಲ್ಲಿ ಪುಸ್ತಕಗಳನ್ನೂ ವಾದ್ಯಗಳನ್ನೂ ಪೀಠದ ಮೇಲಿಡುವ ಸಂಪ್ರದಾಯವಿದೆ. ಪೂಜೆಗಿಟ್ಟ ವಾದ್ಯವನ್ನು ಮುಟ್ಟುವುದಿಲ್ಲ. ವಿಜಯದಶಮಿಯಂದು ಇಳಿಸಿ ನುಡಿಸಿಯೇ ತೀರಬೇಕೆಂದು ಹಿರಿಯರ ಕಟ್ಟಳೆ. ಆ ಕಟ್ಟಳೆಯ ಉತ್ತರಾರ್ಧವನ್ನು ನಾವು ಹಲವರು ಮರೆತಿದ್ದೇವೆ. ಬರುವ ದಶಮಿಯಂದು ಪೀಠದಿಂದಿಳಿಸುವಾಗ, ಕಳೆದ ವರ್ಷವೆಲ್ಲ ಇದನ್ನು ನುಡಿಸಿದವರು ಯಾರೆಂದು ಒಂದೊಂದನ್ನೂ ಕುರಿತು ಕೇಳಿಕೊಳ್ಳೋಣ. ಎರಡು ಮೂರು ದಶಮಿಗಳಲ್ಲಿಯೂ ಉತ್ತರ ಬಾರದಿದ್ದರೆ, ಅದನ್ನು ಒರೆಸಿ, ಮೇಳ ಕಟ್ಟಿಸಿ, ಬಾಗಿಲಲ್ಲಿ ನಿಂತ ವಿದ್ಯಾರ್ಥಿಯ ಕೈಗಿಡುವುದು ಹಿರಿಯರಿಗೆ ಮಾಡುವ ದ್ರೋಹವೆಂದು ನನಗೆ ತೋರುವುದಿಲ್ಲ.